ಬಾಲದ ಮೇಲಿನ ಬಣ್ಣ

ಪ್ರೀತಿಯ ಗೆಳೆಯನೇ,

"ದೊಡ್ಡ ವಿಮಾನ ಯಾವಾಗ?" ಎಂದು ನೀನು ಕಳೆದ ವಾರ ಕೇಳಿದಾಗ ನಾನು ಮಾತು ಮರೆಸಿ ನಿನ್ನ ತೋಟದ ಕೊಳೆರೋಗದ ವಿಚಾರಕ್ಕೆ ಹೋದೆ. ಅಂದು ಕೊಡದ ಉತ್ತರ ಇದು. ಮಕ್ಕಳನ್ನು ಪೈಲಟ್ ಮಾಡಲು ಅಮೆರಿಕಕ್ಕೆ ಕಳಿಸುವ ಯೋಚನೆಯಲ್ಲಿರುವವರು ನಮ್ಮ ಕಡೆಯೂ ಇರುವುದರಿಂದ ಅವರೂ ಓದಲಿ ಎಂದು ಎಲ್ಲರೆದುರೇ ಬರೆಯುತ್ತಿದ್ದೇನೆ.

ಅಮೆರಿಕದ ಒಂದು ಪ್ರಾದೇಶಿಕ ಕಂಪನಿಯಲ್ಲಿ ನಾನು ಹಾರಿಸುವ ಎಂಬ್ರಾಯರ್ 175 ಎಂಬ ಸಣ್ಣ ಜೆಟ್‌ನ ಬಾಲಕ್ಕೆ ಬಳಿದಿರುವುದು ದೊಡ್ಡಮನೆಯ, ಅಂದರೆ ದೊಡ್ಡ ವಿಮಾನ ಕಂಪನಿಯ ಬಣ್ಣ; ನನಗೆ ಸಂಬಳ ಕೊಡುವ ಕಂಪನಿಯ ಹೆಸರು ಬಾಗಿಲ ಪಕ್ಕದಲ್ಲಿ ಸಣ್ಣ ಅಕ್ಷರಗಳಲ್ಲಿದೆ. ವೇಳಾಪಟ್ಟಿ ಹಾಕುವವರು, ಟಿಕೆಟ್ ಮಾರುವವರು, ಪ್ರಯಾಣಿಕರ ಹಣ ಪಡೆಯುವವರು ದೊಡ್ಡಮನೆಯವರೇ. ಹಾರಾಟಕ್ಕೆ ಇಷ್ಟೆಂದು ನಮ್ಮ ಕಂಪನಿಗೆ ಎಣಿಸಿ ಕೊಡುತ್ತಾರೆ. 1974ರ ಕಾನೂನಿನಿಂದ ಉಳುಮೆಯ ನೆಲ ತನ್ನದಾಯಿತೆಂದು ನಿನ್ನ ಅಜ್ಜ ಹೇಳುತ್ತಿದ್ದರಲ್ಲ, ಅವರು ಇದನ್ನು ಕಂಡಿದ್ದರೆ ಗೇಣಿ ಎನ್ನುತ್ತಿರಲಿಲ್ಲ, ಕೂಲಿ ಎನ್ನುತ್ತಿದ್ದರು.

ಈ ವಿಮಾನದಲ್ಲಿ 88 ಆಸನಗಳವರೆಗೆ ಹಾಕಬಹುದು, ನಮ್ಮದರಲ್ಲಿರುವುದು 76. ಅದಕ್ಕಿಂತ ಹೆಚ್ಚು ಆಸನವಾಗಲಿ, 86,000 ಪೌಂಡಿಗಿಂತ ಹೆಚ್ಚು ತೂಕವಾಗಲಿ ನಮ್ಮಂಥ ಪ್ರಾದೇಶಿಕ ಕಂಪನಿಗಳ ಕೈಗೆ ಹೋಗಕೂಡದೆಂದು ದೊಡ್ಡ ಕಂಪನಿಗಳ ಪೈಲಟ್‌ಗಳೇ ತಮ್ಮ ಒಪ್ಪಂದದಲ್ಲಿ ಬರೆಸಿಕೊಂಡಿದ್ದಾರೆ. ಇಲ್ಲಿ ಅದಕ್ಕೆ ಸ್ಕೋಪ್ ಎನ್ನುತ್ತಾರೆ. ತಮ್ಮ ಕೆಲಸ ಅಗ್ಗದ ಕೈಗಳಿಗೆ ಜಾರದಿರಲೆಂದು ಅವರು ಹಾಕಿಕೊಂಡ ಬೇಲಿ ಅದು. ತಪ್ಪೆನ್ನಲಾರೆ, ಏಕೆಂದರೆ ಆ ಬೇಲಿಯೊಳಗೆ ಹೋಗಲು ನಾನೂ ಕಾದು ನಿಂತವನು. ಆದರೆ ಆ ಅಗ್ಗದ ಕೈ ನನ್ನದೇ ಎಂಬುದು ಪ್ರತಿ ಸಲವೂ ಚುಚ್ಚುತ್ತದೆ.

ಡೆಲ್ಟಾ ಎಂಬ ದೊಡ್ಡ ವಿಮಾನ ಕಂಪನಿಯ ಅಂಗಸಂಸ್ಥೆಯಾಗಿದ್ದ ಕೊಮೇರ್‌ನ ಪೈಲಟ್‌ಗಳು 2001ರಲ್ಲಿ 89 ದಿನ ಮುಷ್ಕರ ಮಾಡಿದರು. 2012ರಲ್ಲಿ ಆ ಕಂಪನಿಯೇ ಮುಚ್ಚಿತು. ನಡುವೆ ದಿವಾಳಿಯೂ, 50 ಆಸನಗಳ ಹಳೆಯ ಜೆಟ್‌ಗಳ ಖರ್ಚೂ ಬಂದು ಹೋಗಿದ್ದವು ನಿಜ. ಆದರೂ ನಮ್ಮಲ್ಲಿ ಯಾರಾದರೂ ದನಿಯೆತ್ತಿದರೆ ಹಿರಿಯರು ಆ ಎರಡು ಇಸವಿಗಳನ್ನು ಒಟ್ಟಿಗೇ ಹೇಳಿ ಸುಮ್ಮನಾಗುತ್ತಾರೆ.

ಸಂಬಳದ ಗೋಳನ್ನು ಹೇಳುತ್ತಿಲ್ಲ. ಪೈಲಟ್‌ಗಳ ಕೊರತೆಯಿಂದಾಗಿ 2022ರಲ್ಲಿ ಅದು ಚೆನ್ನಾಗಿಯೇ ಏರಿತು. ನನ್ನನ್ನು ಕಾಡುತ್ತಿರುವುದು ಬೇರೆ.

ಈಚಿನ ತರಬೇತಿಯಲ್ಲಿ 2009ರ ಫೆಬ್ರವರಿ 12ರಂದು ಬಫಲೋ ಬಳಿ ಬಿದ್ದ ವಿಮಾನದ ಕಾಕ್‌ಪಿಟ್ ಸಂಭಾಷಣೆಯನ್ನು ಮತ್ತೆ ಓದಿದೆ. ಹಾರಿಸಿದ್ದು ಕೊಲ್ಗನ್ ಏರ್ ಎಂಬ ಪ್ರಾದೇಶಿಕ ಕಂಪನಿ, ಬಣ್ಣ ದೊಡ್ಡ ಕಂಪನಿ ಕಾಂಟಿನೆಂಟಲ್‌ನದು. ನೆಲದ ಮೇಲಿದ್ದ ಒಬ್ಬರೂ ಸೇರಿ 50 ಜನ ಸತ್ತರು. ವಿಮಾನ ಸ್ಟಾಲ್ ಆಗಲಿದೆ, ಅಂದರೆ ರೆಕ್ಕೆಗಳು ಎತ್ತುವ ಬಲ ಕಳೆದುಕೊಳ್ಳಲಿವೆ ಎಂಬ ಎಚ್ಚರಿಕೆಗೆ ಕ್ಯಾಪ್ಟನ್ ತಿರುವುಮುರುವಾಗಿ ಪ್ರತಿಕ್ರಿಯಿಸಿದ್ದೇ ಮೂಲ ಕಾರಣವೆಂದು ತನಿಖೆ ಹೇಳಿತು. ನನ್ನ ಕಣ್ಣು ನಿಂತದ್ದು ಮಾತ್ರ ಸಹಪೈಲಟ್‌ಳ ಮಾತಿನ ಮೇಲೆ. ಸಿಯಾಟಲ್‌ನಿಂದ ರಾತ್ರಿಯಿಡೀ ಪ್ರಯಾಣಿಸಿ ನ್ಯೂವಾರ್ಕ್‌ಗೆ ಬಂದಿದ್ದ ಆಕೆಗೆ ನೆಗಡಿಯಾಗಿತ್ತು; ಮನೆಯಲ್ಲಿದ್ದಾಗಲೇ ಹೀಗಾಗಿದ್ದರೆ ಇಷ್ಟು ದೂರ ಬರುತ್ತಲೇ ಇರಲಿಲ್ಲ ಎಂದು ಆಕೆ ಹೇಳಿದ್ದಳು. ಸತ್ತವರ ಮನೆಯವರು ಹೋರಾಡಿದ್ದರಿಂದ 2010ರಲ್ಲಿ ಕಾನೂನು ಬಂತು. ಟಿಕೆಟ್ ಕೊಳ್ಳುವಾಗ, ವಿಮಾನವನ್ನು ನಿಜಕ್ಕೂ ಹಾರಿಸುವ ಕಂಪನಿಯ ಹೆಸರು ಮೊದಲಿಗೇ ಕಾಣಬೇಕೆಂಬ ನಿಯಮವೂ ಅದರಲ್ಲಿತ್ತು.

ಇನ್ನು ಮುಂದಿನದನ್ನು ಬರೆಯಬೇಕೆಂದು ಕೂತಿರಲಿಲ್ಲ. ಕಳೆದ ಚಳಿಗಾಲದಲ್ಲಿ ನಾನೂ ಹಾಗೆಯೇ ಹಾರಿದೆ. ಮನೆ ಕೊಲಂಬಸ್‌ನಲ್ಲಿ, ಕೆಲಸ ಷಿಕಾಗೊದಲ್ಲಿ. ರಾತ್ರಿ ವಿಮಾನ ನಿಲ್ದಾಣದ ಸಿಬ್ಬಂದಿ ಕೋಣೆಯ ಒರಗುಕುರ್ಚಿಯಲ್ಲಿ ಮಲಗಿ, ಮೂಗು ಕಟ್ಟಿಕೊಂಡೇ ಎದ್ದೆ. ದೊಡ್ಡಮನೆಗೆ ಸೇರುವ ಸರದಿ ಹತ್ತಿರ ಬಂದಿದೆ, ಈಗ ರಜೆಗಳ ಲೆಕ್ಕ ಏರಬಾರದು ಎಂದು ಕಾಯಿಲೆ ರಜೆ ಕೇಳಲಿಲ್ಲ. ಪಿಯೋರಿಯಕ್ಕೆ ಇಳಿಯುವಾಗ ಎಡಕಿವಿ ಸಿಡಿದಂತಾಗಿ, ನಿಯಂತ್ರಣ ಕೊಠಡಿಯ ಒಂದು ಸೂಚನೆ ನನಗೆ ಕೇಳಿಸಲೇ ಇಲ್ಲ. ಪಕ್ಕದಲ್ಲಿದ್ದ ಹುಡುಗ ಅದಕ್ಕೆ ಉತ್ತರ ಕೊಟ್ಟ. "ಹುಷಾರಾಗಿದ್ದೀರಾ ಕ್ಯಾಪ್ಟನ್?" ಎಂದು ಅವನು ಕೇಳಿದಾಗ ಹೌದೆಂದೆ. ಹಿಂದೆ ಕೂತಿದ್ದವರು ಬಾಲದ ಬಣ್ಣ ನಂಬಿ ಹತ್ತಿದವರು. ದೊಡ್ಡಮನೆಯ ಮೇಲೆ ನಾನು ಹೊರಿಸುವ ದೂರುಗಳೆಲ್ಲ ನಿಜವೇ. ಆದರೆ ಆ ಬೆಳಿಗ್ಗೆ ಬಾಯಿ ಮುಚ್ಚಿಕೊಂಡವನು ನಾನು. ಮನೆಯಲ್ಲಿ ಇನ್ನೂ ಹೇಳಿಲ್ಲ.

ಸಾಕು, ಇಷ್ಟು ಭಾರದ ಮಾತು. ಬೆಂಗಳೂರಿನ ಜಕ್ಕೂರು ವಿಮಾನ ಮೈದಾನದ ಮೂರನೆಯ ಇಡ್ಲಿಯ ಲೆಕ್ಕ ನಿನಗೆ ನೆನಪಿದೆಯೆಂದು ಗೊತ್ತು. ಡಿಸೆಂಬರಿನಲ್ಲಿ ಬಂದು ತೀರಿಸುತ್ತೇನೆ. ಅಡಿಕೆ ಸುಲಿಯುವ ರಾತ್ರಿಗಳಲ್ಲಿ ನನಗೂ ಒಂದು ಮೆಟ್ಟುಗತ್ತಿ ಇಟ್ಟಿರು. ಚಾಪೆ ಮಾತ್ರ ಅದೇ ಇರಲಿ, ವಿಮಾನ ಮೈದಾನದಲ್ಲಿ ಗಾಳಿಯ ದಿಕ್ಕು ತೋರುವ ಗಾಳಿಚೀಲದ ಬಣ್ಣದ್ದು.

ನಿನ್ನ,
ಎಡಗಡೆಯ ಸೀಟಿನವನು