ಕಾಣದ ಗುರುವಿಗೂ ಒಂದು ನಮಸ್ಕಾರ

ಹದಿನಾಲ್ಕು ತಿಂಗಳ ಹಿಂದೆ ಟೊರಾಂಟೊದ ಹಿಮದಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಿದ್ದ ನಾನು, ಕಳೆದ ಭಾನುವಾರ ಆಪ್ತರ ಮುಂದೆ ಜರ್ಮನ್ ಸಂಗೀತ ರಚನಕಾರ ಬಾಖ್‌ನ ಎರಡು ಇನ್ವೆನ್ಷನ್‌ಗಳನ್ನು, ಅಂದರೆ ಕಲಿಯುವವರಿಗಾಗಿ ಬರೆದ ಕಿರು ರಚನೆಗಳನ್ನು, ಪಿಯಾನೊದಲ್ಲಿ ನುಡಿಸಿದೆ. ಮೂಳೆ ಕೂಡಿಸಿದ ವೈದ್ಯರಿಗೂ, ಬೆರಳುಗಳಿಗೆ ವ್ಯಾಯಾಮ ಕಲಿಸಿದ ಫಿಸಿಯೋಥೆರಪಿಸ್ಟರಿಗೂ, ಅಡುಗೆಮನೆಗೆ ಕಾಲಿಡದಂತೆ ಸಾರು ಪಲ್ಯದ ಡಬ್ಬಿ ತಂದಿಟ್ಟು ಹೋಗುತ್ತಿದ್ದ ಕನ್ನಡದ ಗೆಳತಿಯರಿಗೂ ನಾನು ಋಣಿ. ನನ್ನ ಪಿಯಾನೊ ಗುರುಗಳ ಋಣವನ್ನು ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅದು ಅವರೊಬ್ಬರಲ್ಲಿ ನಿಲ್ಲುವುದಿಲ್ಲ.

ಕೀಲಿ ಒತ್ತಲು ಹೆದರುತ್ತಿದ್ದ ನನಗೆ ಅವರು ಬಲಗೈಯನ್ನು ಕೀಲಿಗಳ ಮೇಲೆ ಸಡಿಲವಾಗಿ ಇರಿಸಿ, ಎಡಗೈಯಿಂದ ಒಂದೊಂದೇ ಬೆರಳಿನ ತುದಿಯನ್ನು ತಟ್ಟಿ ಸ್ವರ ಹೊರಡಿಸಲು ಹೇಳಿದರು. ತಟ್ಟಿಸಿಕೊಂಡ ಬೆರಳು ತಾನಾಗಿಯೇ ಮೇಲೇಳುತ್ತದೆ. ನುಡಿಸಲು ನಿಜವಾಗಿ ಎಷ್ಟು ಕಡಿಮೆ ಬಲ ಸಾಕೆಂಬುದು ಕೈಗೆ ತಿಳಿಯುತ್ತದೆ. ಮೈಸೂರಿನಲ್ಲಿ ಸರಳೆವರಸೆಯನ್ನು ವಿಳಂಬದಲ್ಲಿ ತಿದ್ದಿಸಿಕೊಂಡಿದ್ದ ನನಗೂ ಅಷ್ಟು ನಿಧಾನ ಹೊಸದಾಗಿತ್ತು.

ಈ ಪಾಠ ಅವರಿಗೆ ಬಂದದ್ದು ಅವರ ಗುರುವಿನಿಂದ, ಆ ಗುರುವಿಗೆ ಆಲ್ಬೆರ್ತೊ ಗೆರೆರೊ ಅವರಿಂದ. 1886ರಲ್ಲಿ ಚಿಲಿಯ ಲಾ ಸೆರೆನಾದಲ್ಲಿ ಹುಟ್ಟಿ, ಆ ದೇಶದಲ್ಲಿಯೇ ಫ್ರೆಂಚ್ ರಚನಕಾರರಾದ ಡೆಬ್ಯುಸಿ, ರವೆಲ್‌ರ ಹೊಸ ಸಂಗೀತವನ್ನು ನುಡಿಸುತ್ತಿದ್ದ ಗೆರೆರೊ 1918ರಲ್ಲಿ ಟೊರಾಂಟೊಗೆ ವಲಸೆ ಬಂದರು. 1922ರಿಂದ 1959ರಲ್ಲಿ ತೀರಿಕೊಳ್ಳುವವರೆಗೆ ಇಲ್ಲಿನ ಕನ್ಸರ್ವೇಟರಿ ಎಂಬ ಸಂಗೀತ ಶಾಲೆಯಲ್ಲಿ ಕಲಿಸಿದರು. ಸಂಗೀತ ರಚನಕಾರರಾದ ಜಾನ್ ಬೆಕ್ವಿತ್ ಮತ್ತು ಮರ್ರೆ ಶೇಫರ್ ಅವರ ಶಿಷ್ಯರು. ಹತ್ತು ವರ್ಷದ ಬಾಲಕನಾಗಿ ಬಂದು 1952ರವರೆಗೆ ಕಲಿತ, ಬಾಖ್ ನುಡಿಸಿ ಜಗತ್ಪ್ರಸಿದ್ಧರಾದ ಪಿಯಾನೊ ವಾದಕ ಗ್ಲೆನ್ ಗೂಲ್ಡ್ ಕೂಡ ಅವರ ಶಿಷ್ಯರೇ. ಕೆನಡಾದ ಸಂಗೀತವೆಂದು ಇಂದು ಜಗತ್ತು ಗುರುತಿಸುವುದರಲ್ಲಿ ಎಷ್ಟೋ ಭಾಗ ಈ ಪರದೇಶಿ ಮೇಷ್ಟರ ಕೋಣೆಯನ್ನು ಹಾದು ಬಂದಿದೆ. ಗೂಲ್ಡ್ ಮುಂದೆ ತಾವು ಬಹುಮಟ್ಟಿಗೆ ಸ್ವಯಂಶಿಕ್ಷಿತರೆಂದೇ ಹೇಳಿಕೊಂಡರು. ಆದರೆ ಗೂಲ್ಡ್‌ರ ಗುರುತೇ ಆಗಿಹೋದ ಆ ತಗ್ಗಾದ ಆಸನವೂ ಬೆರಳು ತಟ್ಟುವ ಅಭ್ಯಾಸವೂ ಗೆರೆರೊ ಅವರಲ್ಲಿ ಮೊದಲೇ ಇದ್ದವು. ಮಹಾ ಕಲಾವಿದರಿಗೆ ಇಂಥ ಮರೆವು ಸಲ್ಲುತ್ತದೆಯೋ ಏನೋ, ಐವತ್ತೆಂಟರಲ್ಲಿ ಬಾಖ್ ಕಲಿಯುತ್ತಿರುವ ನನ್ನಂಥವಳಿಗೆ ಸಲ್ಲದು. ಆದ್ದರಿಂದ ನಾನು ನೋಡಿಯೇ ಇರದ, ನನ್ನ ಹಾಗೆಯೇ ದೂರದಿಂದ ಈ ಊರಿಗೆ ಬಂದಿದ್ದ ಅವರಿಗೂ ಇಲ್ಲಿಂದಲೇ ನಮಸ್ಕರಿಸುತ್ತೇನೆ.

ಕೈ ಕೂಡಿಬರುವವರೆಗಿನ ನಾಲ್ಕು ತಿಂಗಳ ಶುಲ್ಕವನ್ನು ಕೊಡಹೋದಾಗ ನನ್ನ ಗುರುಗಳು ಲಕೋಟೆಯನ್ನು ತೆರೆಯದೆಯೇ ಮರಳಿಸಿದರು. ಅದನ್ನು ಯಾರಿಗೂ ಹೇಳಬೇಡವೆಂದಿದ್ದರು. ಆ ಒಂದು ಮಾತನ್ನು ಮೀರಿದ್ದಕ್ಕೆ ಅವರು ಕ್ಷಮಿಸಬೇಕು.