ಸಿಆರ್‌ಪಿ ಸಂಖ್ಯೆ ನೋಡಿ ಔಷಧ ಬೇಡ

ಮಾನ್ಯ ಸಂಪಾದಕರೇ,

ಕೆಮ್ಮು, ಜ್ವರ, ಏದುಸಿರು ಎಂದು ಬಂದವರ ರಕ್ತದಲ್ಲಿ ಸಿಆರ್‌ಪಿ (ಸಿ-ರಿಯಾಕ್ಟಿವ್ ಪ್ರೋಟೀನ್) ಹೆಚ್ಚಿದ್ದರೆ ಕೂಡಲೇ ಆ್ಯಂಟಿಬಯಾಟಿಕ್ ಕೊಡುವುದು, ಕಡಿಮೆಯಿದ್ದರೆ ‘ಬರೀ ವೈರಲ್’ ಎಂದು ಮನೆಗೆ ಕಳುಹಿಸುವುದು ಕೋವಿಡ್ ನಂತರ ರೂಢಿಯಾಗುತ್ತಿರುವುದನ್ನು ವೈದ್ಯನಾಗಿ ಗಮನಿಸುತ್ತಿದ್ದೇನೆ.

ಈ ಪ್ರೋಟೀನು 1930ರಲ್ಲಿ ಪತ್ತೆಯಾದದ್ದೇ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ. ಆದರೆ ಯಕೃತ್ತು ಅದನ್ನು ತಯಾರಿಸುವುದು ಉರಿಯೂತಕ್ಕೆ ಪ್ರತಿಕ್ರಿಯೆಯಾಗಿ. ಆ ಉರಿಯೂತ ಬ್ಯಾಕ್ಟೀರಿಯಾದಿಂದ ಬಂದದ್ದೋ ವೈರಸ್ಸಿನಿಂದಲೋ ಎಂಬುದನ್ನು ಅದೊಂದೇ ಹೇಳಲಾರದು. ಕೋವಿಡ್ಡಿನಲ್ಲಿ ಬ್ಯಾಕ್ಟೀರಿಯಾದ ಸುಳಿವೇ ಇಲ್ಲದವರಲ್ಲೂ ಸಿಆರ್‌ಪಿ ಲೀಟರಿಗೆ ನೂರು ಮಿಲಿಗ್ರಾಂ ದಾಟಿ ಬಹಳ ಹೆಚ್ಚಿದ್ದನ್ನು ನಾವು ಇಷ್ಟು ಬೇಗ ಮರೆತದ್ದು ಆಶ್ಚರ್ಯ. ಇತ್ತ, ಸೋಂಕಿನ ಮೊದಲ ಕೆಲವು ಗಂಟೆಗಳಲ್ಲಿ ಬ್ಯಾಕ್ಟೀರಿಯಾದ ನ್ಯುಮೋನಿಯಾದಲ್ಲಿಯೂ ಅದು ಕಡಿಮೆಯೇ ಇರಬಹುದು, ಏಕೆಂದರೆ ಅದು ತುದಿ ಮುಟ್ಟಲು ಸುಮಾರು ಎರಡು ದಿನ ಬೇಕು.

ರಕ್ತದಲ್ಲೇ ಅಳೆಯುವ ಇನ್ನೊಂದು ಸೂಚಕವಾದ ಪ್ರೊಕ್ಯಾಲ್ಸಿಟೋನಿನ್ ಇದಕ್ಕಿಂತ ಚುರುಕು. ಬ್ಯಾಕ್ಟೀರಿಯಾದ ಸೋಂಕಿನಲ್ಲಿ ಅದು ಬೇಗ ಏರುತ್ತದೆ. ವೈರಸ್ ಸೋಂಕಿನಲ್ಲಿ ದೇಹ ಸ್ರವಿಸುವ ಇಂಟರ್‌ಫೆರಾನ್ ಎಂಬ ರಕ್ಷಕ ಪ್ರೋಟೀನು ಅದರ ಏರಿಕೆಯನ್ನು ತಡೆಯುತ್ತದೆ. ಹಾಗಿದ್ದೂ ಮೈಕೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾದ ನ್ಯುಮೋನಿಯಾದಲ್ಲಿ, ನಮ್ಮಲ್ಲಿ ಎಂದೂ ಮರೆಯಬಾರದ ಕ್ಷಯದಲ್ಲಿ ಅದು ಹೆಚ್ಚಾಗಿ ಕಡಿಮೆಯೇ ಇರುತ್ತದೆ, ಬ್ಯಾಕ್ಟೀರಿಯಾದಿಂದ ಬಾರದ ಮಲೇರಿಯಾದಲ್ಲಿ ಏರಿರುತ್ತದೆ. ಆದ್ದರಿಂದಲೇ 2019ರ ಅಮೆರಿಕದ ಮಾರ್ಗಸೂಚಿ, ಎಕ್ಸ್-ರೇಯಲ್ಲಿ ನ್ಯುಮೋನಿಯಾ ಖಚಿತವಾದ ರೋಗಿಗೆ ಮೊದಲ ಪ್ರೊಕ್ಯಾಲ್ಸಿಟೋನಿನ್ ಎಷ್ಟೇ ಇದ್ದರೂ ಆ್ಯಂಟಿಬಯಾಟಿಕ್ ಆರಂಭಿಸಲು ಹೇಳುತ್ತದೆ.

ಪ್ರೊಕ್ಯಾಲ್ಸಿಟೋನಿನ್ ಪರೀಕ್ಷೆಯ ನಿಜವಾದ ಉಪಯೋಗ, ನನ್ನ ಮಟ್ಟಿಗೆ, ಔಷಧವನ್ನು ನಿಲ್ಲಿಸುವಾಗ. ಉಸಿರಾಟದ ಸೋಂಕಿನ 6,708 ರೋಗಿಗಳಿದ್ದ 26 ಪ್ರಯೋಗಗಳ 2017ರ ವಿಶ್ಲೇಷಣೆಯಲ್ಲಿ, ಪ್ರೊಕ್ಯಾಲ್ಸಿಟೋನಿನ್ ನೋಡಿ ನಿರ್ಧರಿಸಿದಾಗ ಆ್ಯಂಟಿಬಯಾಟಿಕ್ ಸೇವನೆ ಸರಾಸರಿ ಎಂಟು ದಿನಗಳಿಂದ ಆರಕ್ಕಿಂತ ಕಡಿಮೆಗೆ ಇಳಿಯಿತು. ಸಾವು ಹೆಚ್ಚಲಿಲ್ಲ, ತುಸು ತಗ್ಗಿತು. ನಮ್ಮಲ್ಲಿ ಒಂದು ಸಲ ಪರೀಕ್ಷಿಸಿ ಔಷಧ ಬರೆಯುತ್ತೇವೆ. ಎರಡು ಮೂರು ದಿನಗಳ ನಂತರ ಮತ್ತೆ ಪರೀಕ್ಷಿಸಿ ನಿಲ್ಲಿಸುವವರು ವಿರಳ. (ಎರಡನೆಯ ಪರೀಕ್ಷೆಯ ಖರ್ಚಿಗೆ ರೋಗಿ ಹಿಂಜರಿಯುವುದೂ ಸಹಜವೇ.)

ಆರೋಗ್ಯ ಇಲಾಖೆಯು ತಾಲ್ಲೂಕು ಆಸ್ಪತ್ರೆಗಳಲ್ಲಿ ಈ ಮರುಪರೀಕ್ಷೆಯನ್ನು ಉಚಿತವಾಗಿ ಒದಗಿಸಬೇಕು. ಪ್ರಯೋಗಾಲಯಗಳ ವರದಿಯಲ್ಲಿ ಸಂಖ್ಯೆಯ ಪಕ್ಕದಲ್ಲೇ ಜ್ವರ ಬಂದು ಎಷ್ಟು ದಿನವಾಯಿತೆಂಬುದನ್ನೂ, ಅದರ ಕೆಳಗೆ ‘ಈ ಫಲಿತಾಂಶವೊಂದರಿಂದಲೇ ಸೋಂಕಿನ ಬಗೆ ನಿರ್ಧಾರವಾಗದು’ ಎಂಬ ಸಾಲನ್ನೂ ಕನ್ನಡದಲ್ಲಿ ಮುದ್ರಿಸುವುದನ್ನು ಕಡ್ಡಾಯ ಮಾಡಬೇಕು.

– ನಿಮ್ಮ ಓದುಗ, ನಿವೃತ್ತಿಯ ಅಂಚಿನಲ್ಲಿರುವ ವೈದ್ಯ, ತುಮಕೂರು