ಎಬಿಸಿ ಸಿಲಿಂಡರ್ ಎಲ್ಲ ಬೆಂಕಿಗೂ ಅಲ್ಲ

ಮಾನ್ಯರೇ,

ಶಿರಸಿ ಕಡೆ ಕಳೆ ಕೊಚ್ಚುವ ಯಂತ್ರ, ಮರ ಕೊಯ್ಯುವ ಗರಗಸ ಇಲ್ಲದ ತೋಟ ಕಡಿಮೆ. ಅವುಗಳ ರಿಪೇರಿಗೆಂದು ನನ್ನಂತೆ ಮನೆ ಹಿಂದಿನ ಕೊಟ್ಟಿಗೆಯಲ್ಲೇ ಲೇಥ್, ಗ್ರೈಂಡರ್ ಇಟ್ಟುಕೊಂಡವರೂ ಬೇಕಾದಷ್ಟು ಜನ. ಗರಗಸದ ಎಂಜಿನ್ ಕವಚ ಎಷ್ಟೋ ಸಲ ಅಲ್ಯೂಮಿನಿಯಂ ಅಲ್ಲ, ಮ್ಯಾಗ್ನೀಸಿಯಂ ಮಿಶ್ರಲೋಹ. ಗಟ್ಟಿ ಕವಚ ಸುಲಭಕ್ಕೆ ಹೊತ್ತುವುದಿಲ್ಲ. ಲೇಥಿನ ಬುಡಕ್ಕೆ ಬಿದ್ದ ಅದೇ ಲೋಹದ ಸುರುಳಿ, ಗ್ರೈಂಡರಿನ ಹುಡಿಗೆ ಮಾತ್ರ ಪಕ್ಕದಲ್ಲಿ ಕಬ್ಬಿಣ ಉಜ್ಜಿದ ಕಿಡಿಯೊಂದು ಸಾಕು.

ಇಂಥ ಬೆಂಕಿ ಆರಿಸಲು ಯಾವ ಅಗ್ನಿಶಾಮಕ ಸಿಲಿಂಡರ್ ಇಟ್ಟುಕೊಳ್ಳಬೇಕೆಂದು ಅದನ್ನು ಮಾರುವ ಅಂಗಡಿಯೊಂದರಲ್ಲಿ ಕೇಳಿದರೆ, 'ಎಬಿಸಿ ತಗೊಳ್ಳಿ, ಎಲ್ಲಾ ಬೆಂಕಿಗೂ ಆಗ್ತದೆ' ಎಂಬ ಉತ್ತರ ಬಂತು. ಈ ಅಕ್ಷರಗಳು ಬೆಂಕಿಯ ವರ್ಗಗಳು. ಎ ಎಂದರೆ ಕಟ್ಟಿಗೆ, ಬಟ್ಟೆ. ಬಿ ಎಂದರೆ ಪೆಟ್ರೋಲು, ಎಣ್ಣೆ. ಸಿ ಎಂದರೆ ಗ್ಯಾಸು. ಲೋಹದ ಬೆಂಕಿಯ ವರ್ಗ ಡಿ. ಎಬಿಸಿ ಪುಡಿ ಅದನ್ನು ಆರಿಸುವುದಿಲ್ಲ, ಮೇಲಾಗಿ ಅದರ ರಭಸಕ್ಕೆ ಉರಿಯುವ ಚೂರು ಮೂಲೆಮೂಲೆಗೂ ಹಾರುತ್ತದೆ. ನೀರು ಹೊಯ್ದರೆ ಹೈಡ್ರೋಜನ್ ಹುಟ್ಟಿ ಸಿಡಿಯುತ್ತದೆ. ಕಾರ್ಬನ್ ಡೈಆಕ್ಸೈಡೂ ಬೇಡ: ಮ್ಯಾಗ್ನೀಸಿಯಂ ಅದರೊಳಗಿನ ಆಮ್ಲಜನಕವನ್ನೇ ಕಿತ್ತುಕೊಂಡು ಉರಿಯುತ್ತದೆ.

ಡಿ ವರ್ಗದ ಸಾಧನಗಳಲ್ಲಿ ಹಲವುಗಳ ಪುಡಿ ಮುಖ್ಯವಾಗಿ ಸೋಡಿಯಂ ಕ್ಲೋರೈಡ್, ಅಂದರೆ ನಮ್ಮ ಸಾಣಿಕಟ್ಟೆಯಲ್ಲಿ ಬೆಳೆಯುವ ಉಪ್ಪೇ. ಕಾವಿಗೆ ಅದು ಹೆಪ್ಪುಗಟ್ಟಿ ಚಿಪ್ಪಿನಂತೆ ಕೂತು ಗಾಳಿ ತಡೆಯುತ್ತದೆ. ಹಾಗೆಂದು ಅಡುಗೆಮನೆಯ ಹರಳುಪ್ಪು ಎರಚಬೇಡಿ, ಮಳೆಗಾಲದಲ್ಲಿ ಅದು ನೀರು ಕುಡಿದು ಕೂತಿರುತ್ತದೆ. ಡಿ ಸಾಧನ ದುಬಾರಿ, ಇಲ್ಲಿ ಸುಲಭಕ್ಕೆ ಸಿಗುವುದೂ ಇಲ್ಲ. ಹಿಡಿಯಷ್ಟು ಚೂರಿನ ಬೆಂಕಿಗಾದರೆ ಒಣ ಮರಳನ್ನು ಉದ್ದ ಹಿಡಿಕೆಯ ಸಲಿಕೆಯಲ್ಲಿ ಮೆಲ್ಲಗೆ ಸುರಿದು ಮುಚ್ಚಬಹುದು. ಆದರೆ ಮಲೆನಾಡಿನಲ್ಲಿ ಜೂನ್ ನಂತರ ಒಣ ಮರಳು ಎಲ್ಲಿಂದ? ನಾನು ಏಪ್ರಿಲ್ ಬಿಸಿಲಲ್ಲೇ ಅಡಿಕೆ ಅಂಗಳಕ್ಕೆ ಹರಡಿ ಒಣಗಿಸಿ, ಬಿಗಿ ಮುಚ್ಚಳದ ಡಬ್ಬಿಗೆ ತುಂಬಿಡುತ್ತೇನೆ. ಮನೆಯವರು ನಗುತ್ತಾರೆ, ನಗಲಿ. ಬೆಂಕಿ ಅದಕ್ಕಿಂತ ದೊಡ್ಡದಾದರೆ ಹೊರಗೆ ಓಡಿ 112ಕ್ಕೆ ಕರೆ ಮಾಡಿ, ಉರಿಯುತ್ತಿರುವುದು ಲೋಹ ಎಂದು ಮೊದಲೇ ಹೇಳಬೇಕು.

ಪ್ರತಿ ವರ್ಷ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ. ಅಡುಗೆ ಅನಿಲದ ಬೆಂಕಿ ಆರಿಸುವ ಪ್ರಾತ್ಯಕ್ಷಿಕೆ ಎಲ್ಲರೂ ನೋಡಿದ್ದೇ. ಮುಂದಿನ ಬಾರಿ ಶಿರಸಿ, ಕುಮಟಾ, ಕಾರವಾರಗಳಲ್ಲಿ ಗ್ಯಾರೇಜು, ವೆಲ್ಡಿಂಗ್ ಶೆಡ್ಡಿನವರನ್ನೂ ಕರೆದು, ಹಿಡಿ ಮ್ಯಾಗ್ನೀಸಿಯಂ ಚೂರಿನ ಬೆಂಕಿಯನ್ನೂ ಇಲಾಖೆಯವರೇ ಆರಿಸಿ ತೋರಿಸಲಿ. ಸಿಲಿಂಡರ್ ಮಾರುವ ಅಂಗಡಿಗಳವರನ್ನು ಮುಂದಿನ ಸಾಲಿನಲ್ಲೇ ಕೂರಿಸಲಿ.

– ಓದುಗ, ಶಿರಸಿ